ಆ ಶ್ಲೋಕದಲ್ಲಿ ನಾವು ಎಲ್ಲಿದೀವಿ ಮಾಮ?

ಹೋದ ಭಾನುವಾರ ಊಟಕ್ಕೆ ಕೂತಾಗ ನಮ್ಮ ಅಕ್ಕನ ಮಗಳು ಗೀತೆಯ ಒಂದು ಶ್ಲೋಕವನ್ನ ತಡವರಿಸದೆ ಹೇಳಿದಳು. ಒಂಬತ್ತು ವರ್ಷ ಅವಳಿಗೆ. ತಣಿಸಂದ್ರದ ನಮ್ಮ ಬೀದಿ ಮಕ್ಕಳನ್ನ ಪಕ್ಕದ ಲೇಔಟಿನವರು ಉಚಿತ ಶ್ಲೋಕ ಕ್ಲಾಸಿಗೆ ಕರೀತಿದಾರೆ. ಈ ಕಡೆಯೆಲ್ಲ ರಾಗಿ ಹೊಲ ಇದ್ದಾಗ ಕೂಲಿ ಮಾಡಿದ ನಮ್ಮವ್ವ ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ನಮ್ಮನ್ನ ಗುಡಿ ಹೊಸಲು ತುಳಿಯಕ್ಕೆ ಬಿಡ್ಲಿಲ್ಲ. ಈ ಮಗ ಮಂತ್ರ ಹೇಳ್ತೈತೆ. ನೀನೇನೂ ಅನ್ಬೇಡಪ್ಪ."

ಅನ್ನಲಿಲ್ಲ. ಮಗುವೇ ಕೇಳಿತು. "ದೇವರು ನಾಲ್ಕು ವರ್ಣ ಮಾಡಿದ್ನಂತೆ ಮಾಮ. ಅದ್ರಲ್ಲಿ ನಾವು ಎಲ್ಲಿದೀವಿ?"

"ಮಿಸ್‌ನ ಕೇಳಿದ್ಯಾ?"

"ಕೇಳ್ದೆ. ಮೊದ್ಲು ಬಾಯಿಪಾಠ ಮಾಡು, ದೊಡ್ಡೋಳಾದ್ಮೇಲೆ ಗೊತ್ತಾಗುತ್ತೆ ಅಂದ್ರು."

ಗೆಳೆಯರೇ, ಈ ಪ್ರಶ್ನೆಯನ್ನ ನಮ್ಮ ಹೆಣ್ಣುಮಗುವೊಂದು ಮೊದಲೇ ಕೇಳಿದೆ. 1855ರಲ್ಲಿ, ಪುಣೆಯಲ್ಲಿ. ಫುಲೆ ದಂಪತಿಯ ಶಾಲೆಯಲ್ಲಿ ಓದುತ್ತಿದ್ದ, ಮಾಂಗ್ ಜಾತಿಯ ಮುಕ್ತಾಬಾಯಿ ಸಾಳ್ವೆಗೆ ಆಗ ಸುಮಾರು 14 ವರ್ಷ. ಮಾಂಗ್ ಮತ್ತು ಮಹಾರರ ದುಃಖದ ಬಗ್ಗೆ ಅವಳು ಬರೆದ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಬಂತು. ಅವಳ ವಾದ ಸರಳ: ವೇದ ಬ್ರಾಹ್ಮಣರ ಸ್ವತ್ತು, ನಾವು ಅದನ್ನ ನೋಡೋ ಹಾಗೂ ಇಲ್ಲ ಅಂದಮೇಲೆ ನಮಗೆ ಗ್ರಂಥವೇ ಇಲ್ಲ ಅಂತಾಯ್ತು. ಹಾಗಾದ್ರೆ ನಮ್ಮ ಧರ್ಮ ಯಾವುದು? ಅಕ್ಷರ ಕಲಿತು ಮೂರು ವರ್ಷವಷ್ಟೇ ಆಗಿದ್ದ ಮಗು ಇಷ್ಟು ದೊಡ್ಡ ಪ್ರಶ್ನೆ ಕೇಳಿತ್ತು.

ಮರುವರ್ಷ ನಮ್ಮದೇ ಧಾರವಾಡ, ಆಗ ಮುಂಬೈ ಪ್ರಾಂತ್ಯ. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟ. ಅವನು ವೇದ ಕೇಳಿರಲಿಲ್ಲ, ಬರೀ ಬೆಂಚಿನ ಮೇಲೆ ಜಾಗ ಕೇಳಿದ್ದ. ಮುಂಬೈ ಸರ್ಕಾರ ಏನಂತು ಗೊತ್ತಾ? ನ್ಯಾಯ ಹುಡುಗನ ಕಡೆಗಿದೆ, ಆದ್ರೆ ಒಬ್ಬನಿಗೋಸ್ಕರ ಅವನನ್ನ ಸೇರಿಸಿಕೊಂಡರೆ ಉಳಿದವರು ಶಾಲೆ ಬಿಟ್ಟು ಹೋಗ್ತಾರೆ, ಆಗಲ್ಲ. ಬಂಗಾಳದ ಸರ್ಕಾರಿ ಶಾಲೆಯಲ್ಲಾಗಿದ್ರೆ ಅವನನ್ನ ಹೊರಗಿಡ್ತಿರಲಿಲ್ಲ ಅಂತ ಭಾರತ ಸರ್ಕಾರ ಬರೆಯಿತು. ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ತೆರೆದಿರಬೇಕು ಅಂತ 1858ರಲ್ಲಿ ಲಂಡನ್ನಿಂದ ಆದೇಶ ಬಂತು. ಆದರೂ ಊರೂರಲ್ಲಿ ನಮ್ಮ ಮಕ್ಕಳು ಜಗುಲಿ ಮೇಲೆ, ಕಿಟಕಿ ಹೊರಗೆ ಕೂತೇ ಕಲಿತರು. 1892ರಲ್ಲಿ ಮಂಗಳೂರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆಗೆದ ಕುದ್ಮುಲ್ ರಂಗರಾಯರನ್ನ ಅವರ ಜಾತಿಯವರೇ ಹೊರಗಿಟ್ಟರು.

ಆ ಶ್ಲೋಕ, ಗೀತೆಯ ನಾಲ್ಕನೇ ಅಧ್ಯಾಯದ 13ನೆಯದು, ಗುಣ ಮತ್ತು ಕರ್ಮದ ಮಾತಾಡುತ್ತೆ, ಹುಟ್ಟಿನ ಮಾತಲ್ಲ ಅಂತ ವಾದಿಸೋರಿದಾರೆ. ಇರಲಿ. ಧಾರವಾಡದ ಆ ಹುಡುಗನ ಗುಣವನ್ನ ಯಾರು ಅಳೆದು ನೋಡಿದರು?

ಇನ್ನು ಬಾಬಾಸಾಹೇಬರ ಕಥೆ. ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಲ್ಲಿ ಸಂಸ್ಕೃತ ಕಲೀಬೇಕು ಅಂತ ಆಸೆಪಟ್ಟ ಹುಡುಗನಿಗೆ ಅದು ಸಿಗಲಿಲ್ಲ. ಪರ್ಷಿಯನ್ ತಗೊಳ್ಳಬೇಕಾಯ್ತು. ಮುಂದೆ ಸ್ವಂತ ಶ್ರಮದಿಂದ ಸಂಸ್ಕೃತ ಕಲಿತರು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟ ಚಳವಳಿಯ ನಾಯಕರೇ 1946ರಲ್ಲಿ 'ಶೂದ್ರರು ಯಾರು?' ಅನ್ನೋ ಪುಸ್ತಕ ತಂದರು. ಅದರಲ್ಲಿ ಪುರುಷಸೂಕ್ತವನ್ನ ಬಿಡಿಸಿ ಬಿಡಿಸಿ ಪರೀಕ್ಷೆ ಮಾಡಿದರು. ಅಂದ್ರೆ ಅವರು ಗ್ರಂಥಕ್ಕೆ ಹೆದರಿ ದೂರ ಓಡಲಿಲ್ಲ, ಕೈಮುಗಿದು ಕಣ್ಣನ್ನೂ ಮುಚ್ಚಲಿಲ್ಲ. ಓದಿದರು, ಪ್ರಶ್ನೆ ಮಾಡಿದರು.

ನನ್ನ ತಕರಾರು ಇರೋದೇ ಇಲ್ಲಿ. 2022ರ ಮಾರ್ಚ್‌ನಲ್ಲಿ ಗುಜರಾತ್ 6ರಿಂದ 12ನೇ ತರಗತಿವರೆಗೆ ಗೀತೆ ಕಲಿಸ್ತೀವಿ ಅಂದಾಗ, ಇಲ್ಲೂ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ನೈತಿಕ ಶಿಕ್ಷಣದ ಹೆಸರಲ್ಲಿ ಅದೇ ಮಾತಾಡಿದರು. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳುತ್ತೆ. ನಮ್ಮ ಬೀದಿ ಪಕ್ಕದ ಕ್ಲಾಸಿಗೆ ಆ ತಡೆ ಇಲ್ಲ. ಅದು ಖಾಸಗಿ, ಹೋಗೋದು ಬಿಡೋದು ಮನೆಯವರ ಇಷ್ಟ. ಆದ್ರೆ ಎರಡೂ ಕಡೆ ನಾನು ಕೇಳೋದು ಒಂದೇ: ಮಗು ಪ್ರಶ್ನೆ ಕೇಳಿದ್ರೆ ಉತ್ತರ ಸಿಗುತ್ತಾ? ಅಂದು ಕಿವಿಗೆ ಬೀಳಬಾರದು ಅಂದರು. ಇಂದು ಬಾಯಿಪಾಠ ಮಾಡು, ಅರ್ಥ ಕೇಳಬೇಡ ಅಂತಾರೆ. ಬಾಗಿಲು ತೆಗೆದಿದೆ ನಿಜ, ಒಳಗೆ ಬಾಯಿಗಷ್ಟೇ ಜಾಗ ಸಿಕ್ಕಿದೆ.

ಅವ್ವನ ಕಣ್ಣೀರನ್ನ ನಾನು ಹಗುರವಾಗಿ ನೋಡಲ್ಲ. ಅವಳಿಗೆ ಆದ ಅವಮಾನಕ್ಕೆ ಮೊಮ್ಮಗಳ ಶ್ಲೋಕ ಒಂದು ಉತ್ತರದ ಹಾಗೆ ಕೇಳಿಸಿತು. ಅದಕ್ಕೇ ಕ್ಲಾಸ್ ಬಿಡಿಸಲಿಲ್ಲ. ಅವತ್ತು ಸಂಜೆ ಮಗುನ ಪಕ್ಕದಲ್ಲಿ ಕೂರಿಸಿಕೊಂಡು ಮುಕ್ತಾಬಾಯಿಯ ಕಥೆ ಹೇಳಿದೆ. ಧಾರವಾಡದ ಹುಡುಗನ ಕಥೆ ಹೇಳಿದೆ. ಅವ್ವನೂ ಗೋಡೆಗೆ ಒರಗಿ ಕೇಳಿಸಿಕೊಂಡಳು. ಕೊನೆಗೆ ಅವಳೇ ಕೇಳಿದ್ದು: "ಆ ಹುಡುಗ ಆಮೇಲಾದ್ರೂ ಓದಿದ್ನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮ ಬೀದಿಯಲ್ಲೂ ಇಂಥ ಕ್ಲಾಸ್ ಇರಬಹುದು. ಮಕ್ಕಳನ್ನ ಕಳಿಸೋದು ಬಿಡೋದು ನಿಮಗೆ ಸೇರಿದ್ದು. ಕಳಿಸೋದಾದ್ರೆ ಈ ಚರಿತ್ರೆಯನ್ನೂ ಕೊಟ್ಟು ಕಳಿಸಿ. ಮುಂದಿನ ಭಾನುವಾರ ನಮ್ಮ ಮಗು ಅದೇ ಪ್ರಶ್ನೆ ಮತ್ತೆ ಕೇಳ್ತೀನಿ ಅಂದಿದಾಳೆ.

ಜೈ ಭೀಮ್.