ಸೀ ನೋ ಈವಿಲ್

ಸೀ ನೋ ಈವಿಲ್ 2006ರಲ್ಲಿ ತೆರೆಕಂಡ ಅಮೆರಿಕದ ಭಯಾನಕ ಚಲನಚಿತ್ರ. ಕೊಲೆಗಾರನೊಬ್ಬ ಒಂದು ಗುಂಪಿನವರನ್ನು ಒಬ್ಬೊಬ್ಬರಾಗಿ ಬೇಟೆಯಾಡುವ ‘ಸ್ಲಾಶರ್’ ಪ್ರಕಾರಕ್ಕೆ ಸೇರಿದ್ದು. ಪ್ರದರ್ಶನ ಕುಸ್ತಿಯ ಸಂಸ್ಥೆ ಡಬ್ಲ್ಯುಡಬ್ಲ್ಯುಇಯ ಚಲನಚಿತ್ರ ವಿಭಾಗ ತೆರೆಗೆ ತಂದ ಮೊದಲ ಪ್ರಮುಖ ಚಿತ್ರವಿದು. ನಿರ್ದೇಶನ ಗ್ರೆಗರಿ ಡಾರ್ಕ್, ಚಿತ್ರಕಥೆ ಡ್ಯಾನ್ ಮ್ಯಾಡಿಗನ್, ವಿತರಣೆ ಲಯನ್ಸ್‌ಗೇಟ್, ಚಿತ್ರೀಕರಣ ಆಸ್ಟ್ರೇಲಿಯದಲ್ಲಿ.

ಪಾಳುಬಿದ್ದ ಬ್ಲ್ಯಾಕ್‌ವೆಲ್ ಹೋಟೆಲನ್ನು ಸ್ವಚ್ಛಗೊಳಿಸಲು ಬಂದ ಯುವ ಅಪರಾಧಿಗಳನ್ನು ಅಲ್ಲೇ ಅಡಗಿರುವ ಜೇಕಬ್ ಗುಡ್‌ನೈಟ್ ಸರಪಳಿ ಕಟ್ಟಿದ ಕೊಕ್ಕೆಯಿಂದ ಎಳೆದು ಕೊಲ್ಲುತ್ತಾನೆ, ಕಣ್ಣು ಕೀಳುತ್ತಾನೆ. ಬಾಲ್ಯದಲ್ಲಿ ಧರ್ಮಾಂಧ ತಾಯಿ ಅವನನ್ನು ಪಂಜರದಲ್ಲಿಟ್ಟು ಹಿಂಸಿಸಿದ್ದೇ ಈ ಕ್ರೌರ್ಯದ ಮೂಲ. ಈ ಪಾತ್ರದಲ್ಲಿ ‘ಕೇನ್’ ಹೆಸರಿನಿಂದ ಪ್ರಸಿದ್ಧರಾದ ಕುಸ್ತಿಪಟು ಗ್ಲೆನ್ ಜೇಕಬ್ಸ್ ನಟಿಸಿದ್ದಾರೆ. ಮಾತು ಅತಿ ಕಡಿಮೆ. ಏಳಡಿಗೆ ಸಮೀಪದ ದೇಹವೇ ಅಭಿನಯದ ಮುಖ್ಯ ಸಾಧನ, ಚಿತ್ರದ ನಿಜವಾದ ಬಲವೂ ಅದೇ.

ಸುಮಾರು 80 ಲಕ್ಷ ಡಾಲರ್ ವೆಚ್ಚದ ಚಿತ್ರ ಅದರ ಎರಡು ಪಟ್ಟಿಗೂ ಹೆಚ್ಚು ಗಳಿಸಿತು. ವಿಮರ್ಶಕರು ಬಹುಪಾಲು ತಿರಸ್ಕರಿಸಿದರು. ಕೇನ್ ಅವರಂತೆ ಕನ್ನಡದಲ್ಲೂ ಕುಸ್ತಿಯಿಂದ ತೆರೆಗೆ ಬಂದವರಲ್ಲಿ ಮೈಸೂರಿನ ಎಂ.ಪಿ. ಶಂಕರ್ ಪ್ರಮುಖರು, ‘ಗಂಧದ ಗುಡಿ’ (1973) ಅವರ ನಿರ್ಮಾಣ. ಆದರೆ ಅವರದು ಗರಡಿಮನೆಯ ಪಂದ್ಯದ ಕುಸ್ತಿ, ಕೇನ್ ಅವರದು ಫಲಿತಾಂಶ ಮೊದಲೇ ಗೊತ್ತುಮಾಡಿದ ರಂಗಪ್ರದರ್ಶನ.

ಜೆನ್ ಮತ್ತು ಸಿಲ್ವಿಯಾ ಸೋಸ್ಕಾ ಸೋದರಿಯರು ನಿರ್ದೇಶಿಸಿದ ಎರಡನೆಯ ಭಾಗ 2014ರಲ್ಲಿ ಬಂತು. ಅದರ ಕಥೆ ಶವಾಗಾರದಲ್ಲಿ ನಡೆಯುತ್ತದೆ.