ಕೋಡಂಗಿಯ ಹೊತ್ತು

ಏಳು ವರ್ಷದ ಮೊಮ್ಮಗ ಭಾನುವಾರದ ಯಕ್ಷಗಾನ ತರಗತಿಯಿಂದ ಬಂದವನು ಗೆಜ್ಜೆಯನ್ನೂ ಬಿಚ್ಚದೆ ಕೇಳಿದ, "ಅಜ್ಜಿ, ನಂಗೆ ಕಿರೀಟ ಯಾವಾಗ?"

ನನ್ನ ಅಪ್ಪ ತೆಂಕುತಿಟ್ಟಿನ ಮೇಳವೊಂದಕ್ಕೆ ಸೇರಿದ್ದು 1943ರಲ್ಲಿ, ಹನ್ನೊಂದರ ಪ್ರಾಯದಲ್ಲಿ. ಸೇರಿದ ವಾರದಲ್ಲೇ ಭಾಗವತರಲ್ಲಿ ಇದನ್ನೇ ಕೇಳಿದ್ದರಂತೆ. ಭಾಗವತರು ನಗಲೂ ಇಲ್ಲ, ಗದರಲೂ ಇಲ್ಲ. "ಇವತ್ತು ರಾತ್ರಿ ಕೋಡಂಗಿ ಕುಣಿ ಮಗಾ" ಎಂದರಂತೆ, ಅಷ್ಟೆ.

ಬಯಲಾಟದಲ್ಲಿ ಪ್ರಸಂಗಕ್ಕೆ ಮುಂಚೆ ಪೂರ್ವರಂಗ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿ ಪೂಜೆ ಮುಗಿದು, ಚೆಂಡೆಯ ಪೆಟ್ಟು ಗದ್ದೆ ದಾಟಿ ನಾಲ್ಕೂರಿಗೆ ಕೇಳಿಸಿದರೂ ಜನ ಇನ್ನೂ ಮನೆಯಲ್ಲಿ ಊಟಕ್ಕೆ ಕೂತಿರುವ ಹೊತ್ತು ಅದು. ಆಗ ರಂಗಸ್ಥಳಕ್ಕೆ ಬರುವವರು ಕೋಡಂಗಿಗಳು. ಆಗಷ್ಟೇ ಹೆಜ್ಜೆ ಕಲಿಯುತ್ತಿರುವ ಮಕ್ಕಳು. ಅವರಿಗೆ ಕತೆಯಿಲ್ಲ, ಮಾತಿಲ್ಲ, ಹೇಳಿಕೊಳ್ಳುವ ಬಣ್ಣವೂ ಇಲ್ಲ. ಅಪ್ಪನಿಗೆ ಸಿಕ್ಕಿದ್ದು ತಲೆಗೊಂದು ಬಟ್ಟೆ, ಸೊಂಟಕ್ಕೊಂದು ಶಾಲು. ಎದುರಿಗೆ ಕಡಲೆ ಮಾರುವವನು, ಚಾಪೆ ಹಾಸಿ ಜಾಗ ಹಿಡಿದ ನಾಲ್ಕು ಮುದುಕಿಯರು. ತಾಳ ತಪ್ಪಿದರೆ ಅದು ತಿಳಿಯುತ್ತಿದ್ದದ್ದು ಮದ್ದಳೆಗಾರರಿಗೆ ಮಾತ್ರ. ನನಗೆ ಈ ಏರ್ಪಾಡಿನ ಮೇಲೆ ಅಪಾರ ಗೌರವವಿದೆ. ತಪ್ಪುವುದಕ್ಕೆಂದೇ ಮಕ್ಕಳಿಗೆ ನಿಜವಾದ ರಂಗಸ್ಥಳವನ್ನೂ ನಿಜವಾದ ಹಿಮ್ಮೇಳವನ್ನೂ ಪ್ರತಿ ರಾತ್ರಿ ಬಿಟ್ಟುಕೊಟ್ಟ ಹಿರಿಯರು ಅವರು.

ಕೋಡಂಗಿಯ ನಂತರ ಬಾಲಗೋಪಾಲ; ಇಬ್ಬರು ಹುಡುಗರು ಬಲರಾಮ, ಕೃಷ್ಣರಾಗಿ ಜೋಡಿ ಹೆಜ್ಜೆ ಹಾಕಬೇಕು. ಅದು ಕೈವಶವಾದರೆ ಪೀಠಿಕೆ ಸ್ತ್ರೀವೇಷ, ಆಮೇಲೆ ಪ್ರಸಂಗದೊಳಗೆ ಬಲ, ದೂತ, ಸಖಿಯರಂಥ ಸಣ್ಣ ಪಾತ್ರಗಳು. ಅಭಿಮನ್ಯು, ಬಭ್ರುವಾಹನರಂಥ ಪುಂಡುವೇಷ ಇನ್ನೂ ಮೇಲೆ. ಕಿರೀಟ ಅದರಾಚೆ. ಮೆಟ್ಟಿಲುಗಳನ್ನು ವರ್ಷದಲ್ಲಿ ಅಲ್ಲ, ತಿರುಗಾಟದಲ್ಲಿ ಎಣಿಸುತ್ತಿದ್ದರು. ದೀಪಾವಳಿಯ ನಂತರ ಹೊರಟ ಮೇಳ ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತಕ್ಕೆ, ಗೆಜ್ಜೆ ಬಿಚ್ಚಿದರೆ ಒಂದು ತಿರುಗಾಟ.

ತನ್ನ ಕುಣಿತ ಮುಗಿದರೆ ಹುಡುಗನಿಗೆ ಬಿಡುವು ಎಂದಲ್ಲ. ಅರದಾಳ, ಇಂಗಳೀಕ ಅರೆಯಬೇಕು. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ ಇಡುವುದಕ್ಕೆ ಗಂಟೆಗಟ್ಟಲೆ ಕೂರುತ್ತಿದ್ದರು. ಅಷ್ಟು ಹೊತ್ತೂ ಅಲ್ಲಾಡದೆ ಕನ್ನಡಿ ಹಿಡಿಯಬೇಕು. ಆಮೇಲೆ ಪೆಟ್ಟಿಗೆಗಳ ಸಂದಿಯಲ್ಲಿ ನಿದ್ದೆ. ಬೆಳಗಿನ ಜಾವ ಯಾರೋ ಕಾಲು ತಟ್ಟಿ ಎಬ್ಬಿಸುವರು, "ಏಳು, ಯುದ್ಧ ಉಂಟು, ನೋಡು." ದೊಡ್ಡವರು ಹಾರಿ ಸುತ್ತುವ ಧೀಂಗಿಣವನ್ನೂ ಅವರ ಮಾತಿನ, ಅಂದರೆ ಅರ್ಥದ, ಏರಿಳಿತವನ್ನೂ ಅಪ್ಪ ಕಲಿತದ್ದು ಆ ಅರೆನಿದ್ದೆಯ ಕಣ್ಣಿನಲ್ಲಿ.

ಡೇರೆ ಮೇಳಗಳು ಬಂದಾಗ ಟಿಕೇಟು ಕೊಂಡವರಿಗೆ ನೇರ ಪ್ರಸಂಗವೇ ಬೇಕಾಯಿತು, ಪೂರ್ವರಂಗ ಮೊಟಕಾಯಿತು. ಈಗ ಹಲವು ಮೇಳಗಳ ಆಟ ಕಾಲಮಿತಿಯದ್ದು, ನಡುರಾತ್ರಿಗೇ ಮಂಗಳ. ಕಲಿಕೆ ಚೌಕಿಯಿಂದ ತರಗತಿಗೆ ಹೋಯಿತು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು, 1975ರಲ್ಲಿ ಬಡಗುತಿಟ್ಟಿನ ಸಾಲಿಗ್ರಾಮ ಮಕ್ಕಳ ಮೇಳ. ಮಕ್ಕಳೇ ಇಡೀ ಪ್ರಸಂಗ ಆಡುವುದನ್ನು ಕಂಡು ನಾನೂ ಕಣ್ಣೊರೆಸಿಕೊಂಡವಳು. ಶಾಲೆ ಬಿಟ್ಟು ಮೇಳ ಸೇರಿದ ಅಪ್ಪನ ಬಾಲ್ಯ ಯಾವ ಮಗುವಿಗೂ ಮತ್ತೆ ಬರಬಾರದು. ಆದರೂ ಹತ್ತರ ಪೋರನಿಗೆ ಕಿರೀಟ ಕಟ್ಟುವಾಗ ಮನಸ್ಸು ಕೋಡಂಗಿಯನ್ನು ಹುಡುಕುತ್ತದೆ.

ಅಪ್ಪನಿಗೆ ಕಿರೀಟ ಸಿಕ್ಕಿದ್ದು ಒಂಬತ್ತನೇ ತಿರುಗಾಟದಲ್ಲಿ, ದೇವೇಂದ್ರನ ವೇಷಕ್ಕೆ. ಆ ರಾತ್ರಿಯ ಕುಣಿತದ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಕನ್ನಡಿ ಹಿಡಿದಿದ್ದ ಹುಡುಗನ ಸುದ್ದಿ. ಅವನ ಕಣ್ಣು ಕಿರೀಟದ ಮೇಲೇ ನೆಟ್ಟು, ಕನ್ನಡಿ ವಾಲುತ್ತಲೇ ಇತ್ತಂತೆ.

ಬರುವ ತಿಂಗಳು ಮೊಮ್ಮಗನ ತರಗತಿಯ ಮಕ್ಕಳ ಆಟ. ಮೊದಲಿಗೆ ಒಂದು ಕೋಡಂಗಿ ಇರಲಿ ಎಂದು ಗುರುಗಳಲ್ಲಿ ಕೇಳಿಕೊಂಡೆ, ಒಪ್ಪಿದ್ದಾರೆ. ತಲೆಗೆ ನನ್ನ ಬೈರಾಸು ಸುತ್ತಿಕೊಂಡು ಅವನು ಜಗಲಿಯಲ್ಲಿ ಹೆಜ್ಜೆ ಹಾಕುತ್ತಿದ್ದಾನೆ. ಎರಡನೇ ತಿರುವಿನಲ್ಲಿ ತಾಳ ತಪ್ಪುತ್ತದೆ, ಮತ್ತೆ ಮೊದಲಿಂದ.