ಕರಿಘಟ್ಟದ ಗೆಡ್ಡೆ, ಕಾಣದವರ ಹೆಸರು

ಶ್ರೀರಂಗಪಟ್ಟಣದ ಮೂಡಲಿಗೆ, ಲೋಕಪಾವನಿಯ ಬದಿಯಲ್ಲಿ ನಿಂತ ಕರಿಘಟ್ಟವನ್ನು ನಮ್ಮ ಇತಿಹಾಸಕಾರರು ನೆನೆಯುವುದು ಒಂದು ರಾತ್ರಿಯ ಸಲುವಾಗಿ. 1792ರ ಫೆಬ್ರವರಿ 6ರ ಆ ಇರುಳು ಕಾರ್ನ್‌ವಾಲಿಸನ ಸೈನ್ಯದ ಎಡದ ತುಕಡಿ, ಮ್ಯಾಕ್ಸ್‌ವೆಲ್ಲನ ಮುಂದಾಳುತನದಲ್ಲಿ, ಟಿಪ್ಪುವಿನ ಈ ಕಾವಲು ನೆಲೆಯನ್ನು ಹಿಡಿಯಿತು. ಭಕ್ತರಿಗಾದರೋ ಇದು ಶ್ರೀನಿವಾಸನ ಬೆಟ್ಟ. ಇಂಥ ಗುಡ್ಡಗಳ ಕಲ್ಲುಸಂದಿಯ ಮಣ್ಣಿನಲ್ಲಿ ಮೂರನೆಯದೊಂದು ಚರಿತ್ರೆಯೂ ಅಡಗಿದೆ.

ಮುಂಗಾರಿನ ಮೊದಲ ಹನಿ ಬಿದ್ದೊಡನೆ ನಮ್ಮ ಒಣಗುಡ್ಡಗಳಲ್ಲಿ ಪುಟ್ಟ ಈರುಳ್ಳಿಯಂಥ ಗೆಡ್ಡೆಯೊಂದು ಚಿಗುರುತ್ತದೆ. ನೆಲಕ್ಕೆ ಒರಗಿದ ಎಲೆಗಳ ಮೇಲೆ ಕಪ್ಪು ಮಿಶ್ರಿತ ನೇರಳೆ ಚುಕ್ಕೆಗಳು. ಶಾಸ್ತ್ರಜ್ಞರು ಇದನ್ನು ಲೆಡೆಬೌರಿಯ ಎನ್ನುತ್ತಾರೆ. ಆ ಹೆಸರಿನ ಹಿಂದೆ ನಮ್ಮ ನಾಡಿನ ನಂಟಿದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಮೆಕೆಂಜಿಯ ಮೈಸೂರು ಮೋಜಣಿಗೆ ಸಸ್ಯಶಾಸ್ತ್ರಜ್ಞನಾಗಿ ಬಂದವನು ಬೆಂಜಮಿನ್ ಹೈನೆ ಎಂಬ ಜರ್ಮನ್ ವೈದ್ಯ. ಲಾಲ್‌ಬಾಗೂ ಕೆಲಕಾಲ ಅವನ ವಶದಲ್ಲಿತ್ತು. ಅವನು ದಕ್ಷಿಣ ಭಾರತದಲ್ಲಿ ಕೂಡಿಟ್ಟ ಒಣಸಸ್ಯಗಳು ಜರ್ಮನಿಯ ವೆಗೆಸಾಕಿನ ವೈದ್ಯ ರೋತನ ಕೈ ಸೇರಿದವು. ರೋತನು 1821ರ ತನ್ನ ಗ್ರಂಥದಲ್ಲಿ ಈ ಕುಲಕ್ಕೆ, ರಷ್ಯದ ಸೇವೆಯಲ್ಲಿದ್ದ ಲೆಡೆಬೌರ್ ಎಂಬ ಪಂಡಿತನ ಹೆಸರಿಟ್ಟನು. ಹೆಸರು ಕೊಟ್ಟವನಾಗಲಿ, ಹೆಸರಾಗಿ ನಿಂತವನಾಗಲಿ ಕಾವೇರಿಯನ್ನು ಕಂಡವರಲ್ಲ. ಆ ಹೊತ್ತಿಗೆ ಹೈನೆಯೂ ತೀರಿಕೊಂಡು ಎರಡು ವರ್ಷವಾಗಿತ್ತು.

ಆಫ್ರಿಕದ ಕೆಲವು ಜನ ಈ ಕುಲದ ಕೆಲವು ಗೆಡ್ಡೆಗಳನ್ನು ತಿನ್ನುವುದುಂಟು. ಅದೇ ಕುಲದ ಬೇರೆ ಕೆಲವು ದನಕರುಗಳಿಗೆ ವಿಷ. ನಮ್ಮಲ್ಲಿಯೂ ಇಂಥದೇ ಒಂದು ತೊಡಕಿದೆ. ನಾವು ಕಾಡೀರುಳ್ಳಿ ಎನ್ನುವ ದೊಡ್ಡ ಗೆಡ್ಡೆ ಹೃದಯವನ್ನೇ ತಾಕುವ ವಿಷವುಳ್ಳದ್ದು. ಕೆಮ್ಮಿಗೂ ಮೂತ್ರ ಕಟ್ಟಿದಾಗಲೂ ವೈದ್ಯರು ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸುತ್ತಿದ್ದರು. ಔಷಧವೆಂದರೂ ಅದೇ, ನಂಜೆಂದರೂ ಅದೇ.

ಇತ್ತೀಚೆಗೆ ಪ್ರಯೋಗಶಾಲೆಗಳು ಕಾಡುಗೆಡ್ಡೆಗಳತ್ತ ಕಣ್ಣು ಹಾಯಿಸಿವೆ. ಗೆಡ್ಡೆಯ ಸಾರವನ್ನು ನೇರಳೆ ಬಣ್ಣದ ದ್ರಾವಣಕ್ಕೆ ಬೆರೆಸುತ್ತಾರೆ. ಬಣ್ಣ ಹಳದಿಗೆ ತಿರುಗಿದರೆ ಅದರಲ್ಲಿ ಉತ್ಕರ್ಷಣ ನಿರೋಧಕ ಗುಣವುಂಟೆಂದು ತಿಳಿಯುತ್ತಾರೆ. ಬ್ಯಾಕ್ಟೀರಿಯ ಬೆಳೆಸಿದ ತಟ್ಟೆಯಲ್ಲಿ ಸಾರದ ಸುತ್ತ ತಿಳಿಯಾದ ಬಳೆ ಮೂಡಿದರೆ, ಅದು ಸೂಕ್ಷ್ಮಾಣುಗಳನ್ನು ತಡೆಯಿತೆಂದು ಲೆಕ್ಕ. ಲೆಡೆಬೌರಿಯದ ಗೆಡ್ಡೆಗಳಿಂದ ಹೋಮೋಐಸೋಫ್ಲಾವನೋನ್ ಎಂಬ ಸಂಯುಕ್ತಗಳನ್ನೂ ಬೇರ್ಪಡಿಸಿದ್ದಾರೆ. ಬೆಲೆಯುಳ್ಳ ಕೆಲಸವೇ ಸರಿ. ಆದರೆ ಸೂಕ್ಷ್ಮಾಣುವನ್ನು ಕೊಲ್ಲುವುದೆಲ್ಲ ಮನುಷ್ಯನಿಗೆ ಹಿತವಲ್ಲ; ತಟ್ಟೆಯ ಮೇಲಿನ ಬಳೆ ಉಣ್ಣುವವನ ತಟ್ಟೆಗೆ ಜಾಮೀನಾಗದು.

ಆ ಜಾಮೀನು ಬೇಕಾದದ್ದು ಬರಗಾಲದಲ್ಲಿ. ಧಾತು, ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 78ರವರೆಗಿನ ಕ್ಷಾಮವು ಮೈಸೂರು ಸೀಮೆಯನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ರಾಗಿಯ ಕಣಜ ಬರಿದಾದಾಗ ಜನ ಅಡವಿಯ ಗೆಡ್ಡೆ, ಸೊಪ್ಪುಗಳಿಗೆ ಕೈಹಾಕಿದರು. ಚುಕ್ಕೆಯೆಲೆಯ ಗೆಡ್ಡೆಯನ್ನು ಗುರುತಿಸಲು ಅದರ ಎಲೆ ಕಾಣಬೇಕು. ಎಲೆ ಚಿಗುರಲು ಮಳೆ ಬರಬೇಕು. ಮಳೆ ತಪ್ಪಿದ ವರ್ಷ ಮಣ್ಣು ಬಗೆದವರ ಕೈಗೆ ಸಿಕ್ಕುವುದು ಎಲೆಯಿಲ್ಲದ, ಹೊಟ್ಟು ಸುತ್ತಿದ ಗೆಡ್ಡೆ ಮಾತ್ರ. ಇದು ಉಣಿಸೋ ನಂಜೋ ಎಂಬುದನ್ನು ಹಸಿದ ಮಕ್ಕಳ ಎದುರಿನಲ್ಲಿ ತೀರ್ಮಾನಿಸಬೇಕಾಗಿದ್ದವರ ಹೆಸರು ಯಾವ ಗಿಡಕ್ಕೂ ಬಂದಿಲ್ಲ.